ನಾಲ್ಕು ಗಂಟೆಗೆ ಚಾಚುವ ಕೈ

ಕಾಂಗೇಯಂ
2 ಫೆಬ್ರವರಿ 2025, ಭಾನುವಾರ

ರುಕ್ಮಣಿ ಮೇಡಂ ಅವರಿಗೆ ಜಯಪ್ರಿಯಾ ಮಾಡುವ ನಮಸ್ಕಾರ.

ನಾಳೆ ಬೆಳಿಗ್ಗೆ ನನ್ನ ಅತ್ತೆ ಕುಪ್ಪಮ್ಮನವರನ್ನು ಪೀಳಮೇಡಿನಲ್ಲಿ ನೀವು ನಡೆಸುವ ಹಿರಿಯರ ಮನೆಯಲ್ಲಿ ಹತ್ತು ದಿನಕ್ಕೆ ಬಿಟ್ಟುಹೋಗಲು ಬರುತ್ತೇವೆ. ಮನೆಯಲ್ಲಿ ಮುಪ್ಪಿನವರನ್ನು ನೋಡಿಕೊಳ್ಳುವವರಿಗೆ ಬಿಡುವು ಸಿಗಲಿ ಎಂದೇ ಒಂದು ಜಾಗ ನಡೆಸುತ್ತಾರೆ ಎಂದು ನಮ್ಮ ಡಾಕ್ಟರ್ ಹೇಳಿದಾಗ ನಾನು ನಂಬಿರಲಿಲ್ಲ. ಈಗಲೂ ಅರ್ಧ ನಂಬಿಕೆ, ಅರ್ಧ ಕುತೂಹಲ.

ನಿಮ್ಮ ಅರ್ಜಿಯಲ್ಲಿ 'ಹಿರಿಯರ ಬಗ್ಗೆ ತಿಳಿಸಬೇಕಾದದ್ದು' ಎಂದು ಬರೆದು ಎರಡು ಗೆರೆ ಜಾಗ ಬಿಟ್ಟಿದ್ದೀರಿ. ಎರಡು ಗೆರೆಯಲ್ಲಿ ನಮ್ಮ ಅತ್ತೆಯ ಮೂಗುತಿಯ ಬಗ್ಗೆ ಕೂಡ ಬರೆದು ಮುಗಿಸಲಾಗದು. ಫೋನಿನಲ್ಲಿ ನೀವು ಗುಂಡ್ಲುಪೇಟೆಯವರು ಅಂದಿರಿ. ನಾನು ತಾಳವಾಡಿಯವಳು. ಅಪ್ಪ ಅಲ್ಲಿ ಕನ್ನಡ ಶಾಲೆಯ ಮೇಷ್ಟ್ರು, ನಾನು ಓದಿದ್ದೂ ಅಲ್ಲೇ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಆದರೆ ಕಲಿತದ್ದು ತಮಿಳು ಶಾಲೆಯಲ್ಲಿ, ಒಬ್ಬರಿಗೂ ಕನ್ನಡ ಓದಲು ಬಾರದು. ಹಾಗಾಗಿ ಕನ್ನಡದಲ್ಲಿ ಕಾಗದ ಬರೆಯುವ ಈ ಚಪಲವನ್ನು ನೀವು ಸಹಿಸಿಕೊಳ್ಳಬೇಕು.

ಅತ್ತೆಗೆ ಎಪ್ಪತ್ತೊಂಬತ್ತು. ನೆನಪು ಹೋಗತೊಡಗಿ ನಾಲ್ಕು ವರ್ಷ. ಕಾಫಿ ಹಿತ್ತಾಳೆ ಲೋಟದಲ್ಲಿ ಕೊಡಿ, ಸ್ಟೀಲ್ ಲೋಟ ಕೊಟ್ಟರೆ ಇದು ಆಸ್ಪತ್ರೆ ಎಂದುಕೊಳ್ಳುತ್ತಾರೆ. ಲೋಟ ಚೀಲದಲ್ಲಿದೆ. ಸ್ನಾನಕ್ಕೆ ಕರೆಯಬೇಡಿ, ಬಿಸಿನೀರು ತೋಡಿಟ್ಟು 'ನೀರು ಆರುತ್ತಿದೆ' ಎಂದಷ್ಟೇ ಹೇಳಿ, ತಾವಾಗಿ ಬರುತ್ತಾರೆ. ಎಡ ಮಂಡಿ ನೋವು. ಮೂಗುತಿ ಮುಟ್ಟಬೇಡಿ.

ಕೊನೆಯದೇ ಮುಖ್ಯ. ದಿನಾ ಸಂಜೆ ನಾಲ್ಕಕ್ಕೆ ಚಕ್ಕಂಬಕ್ಕಳ ಹಾಕಿ ಕೂತು ಬಲಗೈ ಮುಂದಕ್ಕೆ ಚಾಚುತ್ತಾರೆ. ಚಿಟಿಕೆ ಉಪ್ಪು ಕೇಳುವವರ ಹಾಗೆ ಹೆಬ್ಬೆರಳು ತೋರುಬೆರಳು ಕೂಡಿರುತ್ತದೆ. ಏನು ಬೇಕು ಎಂದು ಹೇಳುವುದಿಲ್ಲ. ಉಪ್ಪು, ಸಕ್ಕರೆ, ವಿಭೂತಿ, ನಶ್ಯ, ಮಾತ್ರೆ, ಬಿಸ್ಕತ್ತು, ಎಲ್ಲ ಕೊಟ್ಟು ನೋಡಿದ್ದೇನೆ. ಕೊಟ್ಟದ್ದನ್ನು ಎಸೆಯುತ್ತಾರೆ, ಕೊಡದಿದ್ದರೆ ಅಳುತ್ತಾರೆ. ಒಂದು ಗಂಟೆ ಈ ಹಠ. ಮೂರು ವರ್ಷದಿಂದ ನನ್ನ ಸಂಜೆ ನಾಲ್ಕು ಗಂಟೆ ಎಂದರೆ ಇದೇ. ನನ್ನ ಯಜಮಾನರು ಕುಮರೇಶನ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್, ಏಳಕ್ಕೆ ಹೋದರೆ ಊಟದ ಹೊತ್ತಿಗೆ ಬರುವವರು. ಅವರು ಇದನ್ನು ಕಂಡವರಲ್ಲ. ಭಾನುವಾರ ಮನೆಯಲ್ಲಿದ್ದರೂ ಆ ಹೊತ್ತಿಗೆ ಮಾರುಕಟ್ಟೆಗೆ ಹೋಗಿರುತ್ತಾರೆ.

ಅತ್ತೆ ಏನು ಕೇಳುತ್ತಾರೆ ಎಂದು ನೀವು ಕಂಡುಹಿಡಿದರೆ ನಿಮ್ಮ ಕಾಲಿಗೆ ಬೀಳುತ್ತೇನೆ.

ಇಂತಿ,
ಜಯಪ್ರಿಯಾ


ಪೀಳಮೇಡು
4 ಫೆಬ್ರವರಿ 2025, ಮಂಗಳವಾರ

ಜಯಪ್ರಿಯಾ ಅವರೇ,

ನಿನ್ನೆ ಅತ್ತೆಯನ್ನು ಇಲ್ಲಿ ಬಿಟ್ಟು ಹೊರಟ ನೀವು ಪಲ್ಲಡಂ ದಾಟುವಷ್ಟರಲ್ಲಿ ಆರು ಸಲ ಫೋನ್ ಮಾಡಿದಿರಿ. ಆರನೆಯ ಸಲ ನೀವು ಕೇಳಿದ್ದು, 'ಅತ್ತೆ ಉಸಿರಾಡ್ತಿದಾರಾ?' ಎಂದು. ಆಡುತ್ತಿದ್ದಾರೆ. ನಮ್ಮ ನಿಯಮವನ್ನು ಮತ್ತೊಮ್ಮೆ ಬರೆಯುತ್ತೇನೆ. ಹತ್ತು ದಿನ ಮನೆಯವರು ಫೋನ್ ಮಾಡಬಾರದು, ನೋಡಲು ಬರಬಾರದು. ತುರ್ತಾದರೆ ನಾವೇ ಕರೆಯುತ್ತೇವೆ. ಬಿಡುವು ಅತ್ತೆಗಲ್ಲ, ನಿಮಗೆ. ಕಿವಿ ಇಲ್ಲೇ ಬಿಟ್ಟುಹೋದರೆ ದೇಹವೊಂದೇ ಮನೆಯಲ್ಲಿ ಏನು ಸುಧಾರಿಸಿಕೊಳ್ಳುತ್ತದೆ?

ಕಾಗದ ಮಾತ್ರ ಎಷ್ಟು ಬೇಕಾದರೂ ಬರೆಯಿರಿ. ಕೊರಿಯರ್‌ನವನು ಮರುದಿನವೇ ತಂದುಕೊಡುತ್ತಾನೆ. ನಿಜ ಹೇಳಬೇಕೆಂದರೆ ನಾನು ಈ ಊರಿಗೆ ಬಂದು ಐದು ವರ್ಷದಲ್ಲಿ ನನಗೆ ಕನ್ನಡದಲ್ಲಿ ಬಂದ ಮೊದಲ ಕಾಗದ ನಿಮ್ಮದು. ಎರಡು ಸಲ ಓದಿದೆ.

ಹಿತ್ತಾಳೆ ಲೋಟದ ಉಪಾಯ ಫಲಿಸಿತು. 'ನೀರು ಆರುತ್ತಿದೆ' ಎಂಬುದಂತೂ ಮಂತ್ರ. ಇನ್ನು ಆ ನಾಲ್ಕು ಗಂಟೆಯ ಕೈ. ನಿನ್ನೆ ಸಂಜೆ ನಾನೂ ಬುದ್ಧಿವಂತಳ ಹಾಗೆ ಕಲ್ಲುಸಕ್ಕರೆ ಕೊಟ್ಟೆ. ನನ್ನ ಕನ್ನಡಕಕ್ಕೇ ಬಿತ್ತು. ಆದರೆ ಒಂದು ಗಮನಿಸಿದೆ. ಏನಾದರೂ ಕೇಳುವವರು ನಮ್ಮ ಮುಖ ನೋಡುತ್ತಾರೆ. ನಿಮ್ಮ ಅತ್ತೆ ಮುಖ ನೋಡುವುದಿಲ್ಲ, ನನ್ನ ಬೆರಳು ನೋಡುತ್ತಾರೆ. ಯಾಕಿರಬಹುದು? ನನಗೂ ತಲೆ ತುರಿಸುತ್ತಿದೆ.

ನಿಮಗೊಂದು ಮನೆಗೆಲಸ, ಮೇಷ್ಟ್ರ ಮಗಳಲ್ಲವೇ. ದಿನವಿಡೀ ಏನು ಮಾಡಿದಿರಿ ಎಂದು ಬರೆಯಬೇಕು. ಪಾತ್ರೆ ತೊಳೆದದ್ದು ಲೆಕ್ಕಕ್ಕಿಲ್ಲ.

ರುಕ್ಮಣಿ


ಕಾಂಗೇಯಂ
5 ಫೆಬ್ರವರಿ 2025, ಬುಧವಾರ

ರುಕ್ಮಣಿ ಅಕ್ಕಾ,

ಮೇಡಂ ಬಿಟ್ಟೆ. ಕೋಪವಿಲ್ಲ ತಾನೆ?

ಮನೆಗೆಲಸ ಒಪ್ಪಿಸುತ್ತೇನೆ. ಸೋಮವಾರ ಬಂದು ಮಲಗಿದವಳು ಎದ್ದದ್ದು ಮಂಗಳವಾರ ಏಳಕ್ಕೆ. ಎದ್ದವಳೇ ಅತ್ತೆಯ ಕೋಣೆಗೆ ಓಡಿದೆ. ಖಾಲಿ ಮಂಚ ನೋಡಿ ಬಚ್ಚಲಿಗೂ ಹೋಗಿ ಹುಡುಕಿದೆ. ಆಮೇಲೆ ನೆನಪಾಯಿತು. ಆ ಮಂಚದ ಮೇಲೆ ಕೂತು ಸುಮ್ಮನೆ ಕಿಟಕಿಯಾಚೆ ನೋಡಿದೆ. ಎದುರಿನ ಎಣ್ಣೆ ಮಿಲ್ಲಿನವರು ಒಣಗಲು ಹಾಕಿದ ಕೊಬ್ಬರಿಯನ್ನು ಒಬ್ಬಾಕೆ ಕಾಲಿನಿಂದ ಹರಡುತ್ತಾ ಹಾಡಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಕೊಬ್ಬರಿಯ ವಾಸನೆ ಗೊತ್ತಿತ್ತು, ಹಾಡು ಗೊತ್ತಿರಲಿಲ್ಲ.

ಇವತ್ತು ಗಾಂಧಿಪುರಂಗೆ ಹೋಗಿದ್ದೆ. ಸೀರೆ ಅಂಗಡಿಯಲ್ಲಿ ಒಂದು ಗಂಟೆ ನಿಂತು ಏನೂ ಕೊಳ್ಳದೆ ಬಂದೆ. ಅಲ್ಲಿಂದ ಪೀಳಮೇಡು ದೂರವೇನಲ್ಲ. ಆದರೂ ನಿಮ್ಮ ಕಡೆ ತಲೆ ಹಾಕಲಿಲ್ಲ. ನಿಯಮ ಎಂದರೆ ನಿಯಮವೇ.

ಬಹಳ ಚೆನ್ನಾಗಿ ಬಿಡುವು ಅನುಭವಿಸುತ್ತಿದ್ದೇನೆ. ನನ್ನ ಬಗ್ಗೆ ಚಿಂತೆ ಬೇಡ.

ಅತ್ತೆ ನನ್ನನ್ನು ಕೇಳಿದರಾ?

ಜಯಪ್ರಿಯಾ


ಪೀಳಮೇಡು
7 ಫೆಬ್ರವರಿ 2025, ಶುಕ್ರವಾರ

ಜಯಪ್ರಿಯಾ,

ಗಾಂಧಿಪುರಂಗೆ ಹೋಗಿ ಬರಿಗೈಯಲ್ಲಿ ಬಂದ ಹೆಂಗಸು ಈ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಆದರೂ ಹೋದದ್ದೇ ಸಂತೋಷ. ನಾನು ಇಲ್ಲಿಯ ಕೃತ್ತಿಕಾಗೆ, ಅವಳು ನಮ್ಮ ನರ್ಸ್, ನಿಮ್ಮ ಕಾಗದ ಓದಿ ಹೇಳಿದೆ. 'ನೋಡು, ಹೀಗಿರಬೇಕು ಮನೆಯವರು' ಎಂದೆ.

ಅತ್ತೆ ಕೇಳಿದರು. ದಿನಕ್ಕೆ ಎರಡು ಸಲವಾದರೂ 'ನನ್ನ ಸೊಸೆ ಜಯಪ್ರಿಯಾ ಎಲ್ಲಿ, ಜಯಪ್ರಿಯಾ ಉಂಡಳಾ' ಎನ್ನುತ್ತಾರೆ. ಉಂಡಿದ್ದಾಳೆ ಎಂದು ಹೇಳುತ್ತೇವೆ. ಉಣ್ಣಿ.

ಇನ್ನೊಂದು ಒಳ್ಳೆಯ ಸುದ್ದಿ. ಬುಧವಾರದಿಂದ ನಾಲ್ಕು ಗಂಟೆಗೆ ಅಳು ಇಲ್ಲ. ಅವರಿಗೆ ಏನೋ ಒಂದು ಕೆಲಸ ಸಿಕ್ಕಿದೆ. ಅದೇನೆಂದು ನನಗೂ ಪೂರ್ತಿ ತಿಳಿದಿಲ್ಲ, ತಿಳಿದ ಮೇಲೆ ಬರೆಯುತ್ತೇನೆ.

ರುಕ್ಮಣಿ


ಕಾಂಗೇಯಂ
8 ಫೆಬ್ರವರಿ 2025, ಶನಿವಾರ

ಅಕ್ಕಾ,

ನಿಮ್ಮ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ನಾನು ಅವರಿಗೆ 'ಏ ತಾಳವಾಡಿ'. ಕಳೆದ ಒಂದು ವರ್ಷದಿಂದ ಅದೂ ಇಲ್ಲ, ಬರೀ 'ಏಯ್'. ಅವರು ನನ್ನನ್ನು ಕೇಳಿಲ್ಲ. ಕೇಳಿಲ್ಲ ಎಂದೇ ಬರೆಯಬಹುದಿತ್ತು, ನಾನೇನು ಗಾಜಿನ ಬಳೆಯಲ್ಲ.

ಅದಿರಲಿ. ನನ್ನನ್ನು ಕೊರೆಯುತ್ತಿರುವುದು ಬೇರೆ. ನೀಲಿ ಅಂಗಿಯ ಆ ಹಿರಿಯರು ಯಾರು? ಜಗಲಿಯಲ್ಲಿ ಅತ್ತೆಯ ಎದುರು ಮಂಡಿ ಮಡಚಿ ಕೂತುಕೊಳ್ಳುತ್ತಾರಲ್ಲ, ಅವರು. ಅತ್ತೆ ಕೈ ಚಾಚುತ್ತಾರೆ, ಅವರು ಆ ಬೆರಳ ತುದಿಯಿಂದ ಏನನ್ನೋ ತೆಗೆದುಕೊಳ್ಳುತ್ತಾರೆ. ಅತ್ತೆ ಕೈ ಹಿಂದಕ್ಕೆ ತೆಗೆದು ಮತ್ತೆ ಚಾಚುತ್ತಾರೆ. ನನ್ನ ಕೈಯಿಂದ ಬಿಸ್ಕತ್ತು ಎಸೆದವರು ಆ ಮನುಷ್ಯನ ಎದುರು ಅಷ್ಟು ನೆಮ್ಮದಿಯಾಗಿ ಕೂತಿದ್ದು ನೋಡಿ ನನಗೆ ಏನಾಯಿತು ಎಂದು ಹೇಗೆ ಬರೆಯಲಿ? ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು.

ಇಷ್ಟು ಬರೆದ ಮೇಲೆ ನಾನು ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಹರಿದು ಹಾಕೋಣ ಎಂದುಕೊಂಡೆ, ಮನಸ್ಸು ಬರಲಿಲ್ಲ. ಹೌದು, ಬುಧವಾರ, ಗುರುವಾರ, ನಿನ್ನೆ ಮೂರು ದಿನವೂ ಬಂದಿದ್ದೆ. ನಿಮ್ಮ ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಅಂಗಡಿಯವರು 'ಇನ್ನೊರು ಟೀ ಪೋಡಟ್ಟುಮಾಮ್ಮಾ', ಇನ್ನೊಂದು ಟೀ ಹಾಕಲಾ, ಎಂದು ಕೇಳಿ ಕೇಳಿ ಕೊನೆಗೆ ಕೇಳದೆಯೇ ತಂದಿಟ್ಟರು. ಗಾಂಧಿಪುರಂ ಸೀರೆ ಅಂಗಡಿ ಶುದ್ಧ ಸುಳ್ಳು.

ಯಾಕೆ ಬಂದೆ ಎಂಬುದನ್ನೂ ಹೇಳಿಬಿಡುತ್ತೇನೆ. ತಿರುಪ್ಪೂರಿನ ಒಂದು ವೃದ್ಧಾಶ್ರಮದಲ್ಲಿ ಅತ್ತೆಯ ಹೆಸರು ಬರೆಸಿದ್ದೇನೆ. ಹತ್ತು ದಿನಕ್ಕಲ್ಲ, ಖಾಯಂ ಆಗಿ. ಒಂದು ಜಾಗ ಖಾಲಿಯಾಗಿದೆ, 13ನೇ ತಾರೀಖಿನೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಯಜಮಾನರು 'ನೀನು ಹೇಳಿದ್ದೇ ಸರಿ' ಎಂದು ನನ್ನ ತಲೆಗೇ ಕಟ್ಟಿದ್ದಾರೆ. ನಾನಿಲ್ಲದೆ ಅತ್ತೆ ಇರಬಲ್ಲರೇ ಎಂದು ನೋಡಬೇಕಿತ್ತು. ಅದಕ್ಕೇ ನಿಮ್ಮಲ್ಲಿ ಬಿಟ್ಟದ್ದು.

ಇರಬಲ್ಲರು ಎಂದು ಕಣ್ಣಾರೆ ಕಂಡೆ. ಅದು ಇಷ್ಟು ನೋಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಜಯಪ್ರಿಯಾ


ಪೀಳಮೇಡು
10 ಫೆಬ್ರವರಿ 2025, ಸೋಮವಾರ

ಜಯಾ,

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಿದ್ದರು ನಮ್ಮಜ್ಜಿ. ನೀನು ನೀರಿಗಲ್ಲ, ಟೀಗೆ ಬಂದೆ. ಏಕವಚನಕ್ಕೆ ಇಳಿದೆ ಎಂದು ಬೇಸರ ಮಾಡಿಕೊಳ್ಳಬೇಡ. ಮೂರು ದಿನ ರಸ್ತೆಯಾಚೆ ಕೂತವಳಿಗೆ ಬಹುವಚನ ಹಾಕಲು ಕೈ ಬರುವುದಿಲ್ಲ.

ಮೊದಲು ನನ್ನ ತಪ್ಪು. ಅತ್ತೆ ನಿನ್ನನ್ನು ಕೇಳಲಿಲ್ಲ. ಹೊಸದಾಗಿ ಬಿಟ್ಟುಹೋದ ಮನೆಯವರಿಗೆ ನಾನು ಆ ಸುಳ್ಳು ಹೇಳುತ್ತೇನೆ, ಎಲ್ಲರೂ ನಂಬಿ ಕಣ್ಣೊರೆಸಿಕೊಳ್ಳುತ್ತಾರೆ. ನೀನು ಬಯ್ದೆ. ಇನ್ನು ಮೇಲೆ ಯಾರಿಗೂ ಹೇಳುವುದಿಲ್ಲ ಎಂದುಕೊಂಡಿದ್ದೇನೆ. ನೀಲಿ ಅಂಗಿಯವರ ವಿಷಯವನ್ನೂ ಬೇಕೆಂದೇ ಬರೆಯಲಿಲ್ಲ. ನಮ್ಮ ಅಮ್ಮನ ಹತ್ತಿರ ಪರಪುರುಷನನ್ನು ಕೂರಿಸಿದಿರಾ ಎಂದು ಜಗಳಕ್ಕೆ ಬಂದವರನ್ನು ಕಂಡಿದ್ದೇನೆ. ಎಂಬತ್ತು ವರ್ಷದವರಿಗೆ!

ಅವರು ಕಂದಸಾಮಿ, ಸಿರುಮುಗೈಯವರು. ಕೆಲವು ತಿಂಗಳಿಂದ ಇಲ್ಲೇ ಇದ್ದಾರೆ, ಹತ್ತು ದಿನದ ನಿಯಮ ಅವರಿಗಿಲ್ಲ. ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಮಾತಿಲ್ಲ. ಬುಧವಾರ ನಿನ್ನ ಅತ್ತೆ ಜಗಲಿಯಲ್ಲಿ ಕೈ ಚಾಚಿ ಕೂತಿದ್ದರು. ಈತ ಕುರ್ಚಿಯಿಂದ ಇಳಿದರು, ನೆಲದ ಮೇಲೆ ಎದುರು ಕೂತರು, ಆ ಬೆರಳ ತುದಿಯಿಂದ ಗಾಳಿಯನ್ನು ಹಿಡಿದು ಎಳೆದುಕೊಂಡರು. ಅತ್ತೆ ಮತ್ತೆ ಚಾಚಿದರು, ಈತ ಮತ್ತೆ ಎಳೆದುಕೊಂಡರು. ಒಂದೂವರೆ ಗಂಟೆ. ಕೃತ್ತಿಕಾ ಕಾಫಿಗೆ ಎಬ್ಬಿಸಲು ಹೋದರೆ ಕಂದಸಾಮಿ ಏಳಲೇ ಇಲ್ಲ. ಕೊನೆಗೆ ಕುಪ್ಪಮ್ಮನವರೇ, 'ಸಾಕು. ಎದ್ದೇಳಿ. ಕಣ್ಣು ಕೆಂಪಾಗೋಯ್ತು' ಅಂದರು. ತಕ್ಷಣ ಎದ್ದರು.

ನಿನ್ನೆ ಭಾನುವಾರ ಅವರ ಮಗಳು ಸತ್ಯಾ ಬಂದಿದ್ದಳು. ನಾಲ್ಕು ಗಂಟೆಗೆ ಇದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. 'ಅಯ್ಯೋ ಅಕ್ಕಾ, ಇದು ಎಳೆ ಕೊಡೋದು! ಆ ಅಜ್ಜಿ ನಿಮ್ಮತ್ರ ಏನೂ ಕೇಳ್ತಿಲ್ಲ. ಕೊಡ್ತವ್ರೆ' ಅಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ನೂಲು, ಏರಿಸುವಾಗ ಎಳೆಗಳನ್ನು ಒಂದೊಂದಾಗಿ ಅಚ್ಚಿನ ಸಂದಿಯಲ್ಲಿ ತೂರಿಸಬೇಕಂತೆ. ಅಚ್ಚು ಎಂದರೆ ಬಾಚಣಿಗೆಯಂಥದ್ದು. ಹಾಸಿನ ಆಚೆ ಒಬ್ಬರು, ಈಚೆ ಒಬ್ಬರು. ಆಚೆಯವರು ಒಂದು ಎಳೆ ಆರಿಸಿ ಬೆರಳಲ್ಲಿ ಹಿಡಿದು ಚಾಚುತ್ತಾರೆ, ಈಚೆಯವರು ಅದನ್ನು ತೆಗೆದುಕೊಂಡು ತೂರಿಸುತ್ತಾರೆ. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಸಿರುಮುಗೈಯ ಅವರ ಮನೆಯ ಮಗ್ಗದಲ್ಲಿ ಅವಳ ಅಮ್ಮ ಕೊಡುವವಳು, ಅಪ್ಪ ತೆಗೆದುಕೊಳ್ಳುವವರು.

ನಾವೆಲ್ಲ ಆ ಕೈಯೊಳಗೆ ಏನಾದರೂ ಹಾಕಲು ನೋಡಿದೆವು, ಜಯಾ. ಆ ಕೈಯಿಂದ ತೆಗೆದುಕೊಳ್ಳಬೇಕಿತ್ತು. ಈ ಕಡೆ ಕನ್ನಡ ಆಡುವವರಲ್ಲಿ ಬಹಳ ಮಂದಿ ನೇಕಾರರು, ನೀವೂ ನೇಯ್ಗೆಯ ಮನೆತನದವರಲ್ಲವೇ? ನಿನಗೆ ಇದು ಹೇಗೆ ತಿಳಿಯಲಿಲ್ಲ?

ವೃದ್ಧಾಶ್ರಮದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಬ್ಬರನ್ನು ನಾಲ್ಕು ವರ್ಷ ನೋಡಿಕೊಂಡವರು ಯಾವ ತೀರ್ಮಾನ ತೆಗೆದುಕೊಂಡರೂ ಅದು ಪಾಪವಲ್ಲ. ಇದು ಸಮಾಧಾನದ ಸುಳ್ಳಲ್ಲ, ನನ್ನ ಕೆಲಸದಲ್ಲಿ ನಾನು ಕಂಡ ಮಾತು.

ರುಕ್ಮಣಿ


ಕಾಂಗೇಯಂ
11 ಫೆಬ್ರವರಿ 2025, ಮಂಗಳವಾರ

ಅಕ್ಕಾ,

ನನಗೆ ಹೇಗೆ ತಿಳಿಯಲಿಲ್ಲ ಎಂದು ಕೇಳಿದಿರಿ. ಕುಲ ನೇಯ್ಗೆಯದು, ಆದರೆ ಅಪ್ಪನ ಕೈಯಲ್ಲಿ ಸೀಮೆಸುಣ್ಣ ಇತ್ತು, ಲಾಳಿ ಇರಲಿಲ್ಲ. ಈ ಮನೆಯಲ್ಲಿ ಎರಡು ಮಗ್ಗ ಇದ್ದವಂತೆ. ನಾನು ಸೊಸೆಯಾಗಿ ಬರುವ ಹಿಂದಿನ ವರ್ಷ ಮಾರಿದರು. ಮಗ್ಗದ ಗುಂಡಿ ಮುಚ್ಚಿ ಅದರ ಮೇಲೆ ಗ್ರೈಂಡರ್ ಇಟ್ಟರು. ಇಪ್ಪತ್ತೆರಡು ವರ್ಷ ನಾನು ಅಲ್ಲೇ ನಿಂತು ಹಿಟ್ಟು ರುಬ್ಬಿದ್ದೇನೆ.

ನಿಮ್ಮ ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. ಊಟದ ತಟ್ಟೆ ಮುಂದೆ ಕೈ ಒಣಗಿಸಿಕೊಂಡು ಕೂತುಬಿಟ್ಟರು. ಆಮೇಲೆ ಅಂದರು, 'ಅಮ್ಮ ಕೊಡೋರು, ಅಪ್ಪ ತಗೊಳ್ಳೋರು. ಅಪ್ಪಂಗೆ ಕಣ್ಣು ಮಂಜಾದ ಮೇಲೆ ನಾನು ಕೂರ್ತಿದ್ದೆ. ಇಸ್ಕೂಲ್ ಬಿಟ್ಟು ಬಂದು ನಾಲ್ಕು ಗಂಟೆಗೆ. ಆ ಕಿಟಕಿ ಬಿಸಿಲು ಅಚ್ಚಿನ ಮೇಲೆ ಬೀಳೋ ಹೊತ್ತಿಗೆ.'

'ಮೂರು ವರ್ಷದಿಂದ ನಾನು ಹೇಳ್ತಾನೇ ಇದೀನಲ್ರೀ, ಕೈ ಚಾಚ್ತಾರೆ ಅಂತ' ಎಂದೆ.

'ಏನೋ ಕೇಳ್ತಾರೆ ಅಂದೆ. ಕೊಡ್ತಾರೆ ಅನ್ನಲಿಲ್ವಲ್ಲಾ' ಅಂದರು. ಅದೂ ನಿಜವೇ. ಆದರೆ ಮೂರು ವರ್ಷದಲ್ಲಿ ಒಂದು ಭಾನುವಾರ ಮನೆಯಲ್ಲಿ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು. ಹಾಗೆಂದು ಹೇಳಿದೆ. ಅವರು ತಲೆ ತಗ್ಗಿಸಿ, 'ಅಮ್ಮನ್ನ ಹಂಗೆ ನೋಡಕ್ಕೆ ಭಯ, ಜಯಾ. ಅದಕ್ಕೇ ಮಾರ್ಕೆಟ್ಟಿಗೆ ಹೋಗ್ತಿದ್ದೆ' ಅಂದರು. ಇಷ್ಟು ವರ್ಷಕ್ಕೆ ಆ ಮನುಷ್ಯ ಬಾಯಿಬಿಟ್ಟು ಆಡಿದ ನಿಜ ಅದು. ಸಿಟ್ಟು ಮಾಡಬೇಕೆಂದು ಹೊರಟವಳು ಮಾಡಲಾಗದೆ ಬಡಿಸಿದೆ.

ಆಮೇಲೆ ಅವರೇ ಇನ್ನೊಂದು ಹೇಳಿದರು. ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆಯಂತೆ. ತೆಗೆದುಕೊಳ್ಳುವವರು ತಾವಾಗಿ ಏಳಬಾರದು, ಎದ್ದರೆ ಎಳೆ ತಪ್ಪುತ್ತದೆ. ಕಣ್ಣಿನ ದಣಿವು ಅವರದು, ಆದರೆ ಅದನ್ನು ಗಮನಿಸಿ 'ಸಾಕು, ಏಳು' ಎನ್ನಬೇಕಾದವರು ಕೊಡುವವರು. 'ಅಮ್ಮ ಒಂದು ದಿನಾನೂ ತಪ್ಪಿಲ್ಲ. ಕಣ್ಣು ಕೆಂಪಾಗೋಕ್ಕೆ ಮುಂದೆನೇ ಹೇಳೋರು' ಅಂದರು. ಕಂದಸಾಮಿಯವರು ಏಳದೆ ಕೂತದ್ದು ಅದಕ್ಕೇ ಇರಬೇಕು.

ಅಕ್ಕಾ, ನಿಮ್ಮ ಅರ್ಜಿಯಲ್ಲಾಗಲಿ ನನ್ನ ಮೊದಲ ಕಾಗದದಲ್ಲಾಗಲಿ ಬರೆಯದ ಒಂದು ಸಂಗತಿ ಇದೆ. ಹೋದ ದೀಪಾವಳಿಯ ಮಾರನೆ ದಿನ ನನಗೆ ಜ್ವರ. ಅತ್ತೆ ನಾಲ್ಕು ಗಂಟೆಗೆ ಕೈ ಚಾಚಿದರು. ನಾನು ಆ ಕೈಗೆ ಹೊಡೆದೆ. ಅವರು ಅಳಲಿಲ್ಲ. ಕೈ ತಿರುಗಿಸಿ ನೋಡಿಕೊಂಡು, ಮತ್ತೆ ಚಾಚಿದರು. ಹಠ ಎಂದುಕೊಂಡೆ. ಈಗ ಗೊತ್ತಾಗುತ್ತಿದೆ, ಎಳೆ ಕೈತಪ್ಪಿತೇನೋ ಎಂದು ಅವರು ನೋಡಿಕೊಂಡದ್ದು. ನಿಮ್ಮ ಕಾಗದ ಓದಿದಾಗಿನಿಂದ ಅದೊಂದೇ ಕಣ್ಣ ಮುಂದೆ ಬರುತ್ತಿದೆ.

ಇದೆಲ್ಲ ತಿಳಿದ ಮೇಲೆ ತಿರುಪ್ಪೂರಿಗೆ ಉಹೂಂ ಎಂದುಬಿಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅಷ್ಟು ಸುಲಭವಲ್ಲ. ಎಳೆ ಕೊಡುವುದು ತಿಳಿದರೆ ಅವರನ್ನು ಎತ್ತಿ ಕೂರಿಸುವುದು ತಪ್ಪುತ್ತದೆಯೇ? ಬಟ್ಟೆ ಒಗೆಯುವುದು ತಪ್ಪುತ್ತದೆಯೇ? ಈ ಎಂಟು ದಿನದಲ್ಲಿ ನನ್ನ ಸೊಂಟದ ನೋವು ಅರ್ಧಕ್ಕೆ ಇಳಿದಿದೆ. ಅದನ್ನೂ ಸುಳ್ಳು ಎನ್ನಲಾರೆ. 13ರಂದು ಬರುತ್ತೇವೆ. ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಜಯಾ


ಪೀಳಮೇಡು
24 ಫೆಬ್ರವರಿ 2025, ಸೋಮವಾರ

ಜಯಾ,

ಹನ್ನೊಂದು ದಿನವಾಯಿತು, ನಿನ್ನ ಕಾಗದವಿಲ್ಲ. ಕೊರಿಯರ್‌ನವನು ಬಂದರೆ ಕೃತ್ತಿಕಾ, 'ಅಕ್ಕಾ, ಕಾಂಗೇಯಂ ಇಲ್ಲ' ಎಂದು ನಾನು ಕೇಳುವ ಮೊದಲೇ ಹೇಳುತ್ತಾಳೆ.

13ರಂದು ನೀನು ಹೆಚ್ಚು ಮಾತಾಡಲಿಲ್ಲ. ಅತ್ತೆಯ ಚೀಲ ತೆಗೆದುಕೊಂಡೆ, ಲೋಟ ಇದೆಯೇ ಎಂದು ನೋಡಿದೆ, ಹೊರಟೆ. ನಾನು ಗೇಟಿನಲ್ಲಿ ನಿಂತಿದ್ದೆ. ಕಾಂಗೇಯಂಗೆ ಹೋಗುವ ಕಾರು ಸಿಂಗಾನಲ್ಲೂರಿನ ಕಡೆ ತಿರುಗಬೇಕು. ನಿಮ್ಮದು ಅವಿನಾಶಿ ರಸ್ತೆ ಹಿಡಿಯಿತು. ಅದು ತಿರುಪ್ಪೂರಿನ ದಾರಿ ಎಂದು ಐದು ವರ್ಷದಲ್ಲಿ ನನಗೂ ಗೊತ್ತಾಗಿದೆ.

ನೀನು ಬರೆಯದಿರುವುದು ಅದಕ್ಕೇ ಎಂದು ತಿಳಿದಿದ್ದೇನೆ. ಹಾಗಾದರೆ ನನ್ನ ಹಿಂದಿನ ಮಾತನ್ನು ಮತ್ತೆ ಬರೆಯುತ್ತೇನೆ. ಪಾಪವಲ್ಲ. ಮುಖ ಮರೆಸಿಕೊಳ್ಳಬೇಡ. ಆ ಆಶ್ರಮದವರಿಗೆ ನಾಲ್ಕು ಗಂಟೆಯ ಕೈಯ ವಿಷಯ ಹೇಳಿದೆಯಾ? ಹೇಳಿಲ್ಲದಿದ್ದರೆ ವಿಳಾಸ ಕೊಡು, ನಾನೇ ಬರೆಯುತ್ತೇನೆ.

ಇಲ್ಲಿ ಒಂದು ಫಜೀತಿ. ಕಂದಸಾಮಿ ನಾಲ್ಕಾಗುತ್ತಲೇ ಜಗಲಿಯಲ್ಲಿ ಇಳಿದು ಕೂತು ಕೈಯೊಡ್ಡಿ ಕಾಯುತ್ತಾರೆ. ನೋಡಲಾರದೆ ನಾನೇ ಎದುರು ಕೂತು ಎಳೆ ಕೊಟ್ಟೆ. ಎರಡು ತೆಗೆದುಕೊಂಡರು, ಮೂರನೆಯದಕ್ಕೆ ಮುಖ ತಿರುಗಿಸಿದರು. ನಾನು ಕೊಡುವುದು ಸರಿಯಿಲ್ಲವಂತೆ! ಗಾಳಿಯನ್ನು ಕೊಡುವುದರಲ್ಲೂ ತಪ್ಪು ಮಾಡಬಹುದು ಎಂದು ಇವತ್ತು ಕಲಿತೆ. ಏನು ತಪ್ಪಿರಬಹುದು, ನಿನ್ನ ಯಜಮಾನರನ್ನು ಕೇಳಿ ಬರೆ.

ನಿನ್ನ ಅಕ್ಕ,
ರುಕ್ಮಣಿ


ಕಾಂಗೇಯಂ
27 ಫೆಬ್ರವರಿ 2025, ಗುರುವಾರ

ಅಕ್ಕಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಲು ನಾನು ಕದ್ದಿಲ್ಲ. ಅತ್ತೆ ಒಳಗಿದ್ದಾರೆ, ನಮ್ಮ ಮನೆಯೊಳಗೆ. ಕಾಗದ ಬರೆಯದಿದ್ದದ್ದು ಬರೆಯಲು ಹೊತ್ತು ಸಿಗದೆ. ಬಂದ ಮೂರನೇ ದಿನವೇ ಅತ್ತೆಗೆ ಭೇದಿ ಶುರುವಾಗಿ ಒಂದು ವಾರ ಒಗೆದದ್ದೇ ಒಗೆದದ್ದು. ಸೊಂಟ ನೋವು ವಾಪಸ್ ಬಂದಿದೆ, ಬಡ್ಡಿ ಸಮೇತ ಎನ್ನೋಣ.

ಕಾರು ತಿರುಪ್ಪೂರಿಗೆ ಹೋದದ್ದು ನಿಜ. ಹೂಂ ಎಂದು ಹೇಳಲೇ ಹೋದೆವು. ಆಶ್ರಮ ಚೊಕ್ಕಟವಾಗಿತ್ತು, ಮ್ಯಾನೇಜರ್ ಒಳ್ಳೆಯ ಮನುಷ್ಯ. ಅವರು ಕಾಗದಪತ್ರ ಹುಡುಕುತ್ತಿದ್ದಾಗ ಗಂಟೆ ನಾಲ್ಕಾಯಿತು. ಅತ್ತೆ ಆಫೀಸಿನ ನೆಲದ ಮೇಲೆ ಇಳಿದು ಕೂತು ಅವರ ಕಡೆ ಕೈ ಚಾಚಿದರು. ಅವರು ನಗುತ್ತಾ ಡ್ರಾಯರ್ ತೆಗೆದು, ಒಂದು ಚಾಕ್ಲೇಟ್ ಅತ್ತೆಯ ಬೆರಳ ನಡುವೆ ಇಟ್ಟರು.

ನನಗೆ ಅವರ ಮೇಲೆ ಕೋಪ ಬರಲಿಲ್ಲ, ಅಕ್ಕಾ. ಮೂರು ವರ್ಷ ಬಿಸ್ಕತ್ತು ಇಟ್ಟವಳು ನಾನು. ಹೇಳಿಕೊಟ್ಟರೆ ಅವರೂ ಕಲಿಯುತ್ತಿದ್ದರೋ ಏನೋ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತರು. ಚಾಕ್ಲೇಟ್ ಪಕ್ಕಕ್ಕಿಟ್ಟು, ಆ ಬೆರಳ ತುದಿಯಿಂದ ಎಳೆ ತೆಗೆದುಕೊಂಡರು. 'ಕೊಡಮ್ಮಾ' ಅಂದರು. ಅತ್ತೆ ಕೊಟ್ಟರು. ನಾನು ಮ್ಯಾನೇಜರ್‌ಗೆ ಕೈಮುಗಿದು, 'ಇಪ್ಪೊ ವೇಂಡಾಂಗ ಸಾರ್' ಎಂದೆ. ಈಗ ಬೇಡ ಎಂದೆನೇ ಹೊರತು ಎಂದೆಂದಿಗೂ ಬೇಡ ಎನ್ನಲಿಲ್ಲ. ಮುಂದೊಂದು ದಿನ ಬೇಕಾದರೆ ಹೇಳಿಕೊಟ್ಟೇ ಬಿಡುತ್ತೇನೆ.

ನಿಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಹತ್ತು ದಿನ ಅತ್ತೆಗೆ ಜಾಗ ಬೇಕು. ಏಪ್ರಿಲ್‌ಗೆ ಈಗಲೇ ಬರೆದುಕೊಳ್ಳಿ. ಟೀ ಅಂಗಡಿಗೆ ಬರುವುದಿಲ್ಲ, ಆಣೆ. ತಾಳವಾಡಿಗೆ ಹೋಗುತ್ತೇನೆ, ಅಪ್ಪನ ಶಾಲೆ ನೋಡಿ ಎಷ್ಟು ವರ್ಷವಾಯಿತೋ. ಅದಕ್ಕೂ ಮೊದಲು, ಬರುವ ಬುಧವಾರದಿಂದ ವಾರಕ್ಕೊಂದು ದಿನ ಯಜಮಾನರು ರಜೆ ಹಾಕಿ ಅತ್ತೆಯನ್ನು ಹಗಲಿಗೆ ಅಲ್ಲಿಗೆ ಕರೆತರುತ್ತಾರೆ. ಕಂದಸಾಮಿಯವರಿಗೆ ಹೇಳಿ. ನೀವು ಮಾಡಿದ ತಪ್ಪು ಏನೆಂದು ಯಜಮಾನರು ಕೂಡಲೇ ಹೇಳಿದರು. ಎಳೆಯನ್ನು ಎದುರಿನವರ ಬೆರಳಿಗೆ ತಾಕುವಂತೆ ಕೊಡಬೇಕಂತೆ, ಅವರು ಹುಡುಕುವಂತೆ ಹಿಡಿಯಬಾರದಂತೆ.

ಇನ್ನು ಇವತ್ತಿನ ವಿಷಯ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ನಾಲ್ಕು ಗಂಟೆಗೆ ಗ್ರೈಂಡರ್ ಪಕ್ಕಕ್ಕೆ ತಳ್ಳಿ ಆ ಕಿಟಕಿಯ ಬಿಸಿಲಲ್ಲಿ ಅತ್ತೆಯ ಎದುರು ಕೂತೆ. ದಿನಾ ಕೂರುತ್ತೇನೆ ಈಗ. ಮೊದಮೊದಲು ಹತ್ತು ನಿಮಿಷಕ್ಕೇ ಅವರು ಮುಖ ತಿರುಗಿಸುತ್ತಿದ್ದರು, ನಿಮಗೆ ಕಂದಸಾಮಿ ಮಾಡಿದ ಹಾಗೆ. ಇವತ್ತು ಕೊಡುತ್ತಲೇ ಹೋದರು. ಮುನ್ನೂರರ ಮೇಲೆ ಎಣಿಸುವುದನ್ನು ಬಿಟ್ಟೆ. ಕಾಲು ಜೋಮು ಹಿಡಿಯಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳು, ಕಣ್ಣು ಎಳೆಯುತ್ತಿತ್ತು. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲಿತ್ತು. ಆದರೆ ತೆಗೆದುಕೊಳ್ಳುವವರು ತಾವಾಗಿ ಏಳಬಾರದಲ್ಲ. ಕೂತೇ ಇದ್ದೆ. ನಾಲ್ಕು ವರ್ಷದಿಂದ ಹೀಗೇ ಕೂತಿದ್ದೇನೆ, ಒಬ್ಬರೂ ಏಳು ಎನ್ನಲಿಲ್ಲ ಎನಿಸಿ ಕಣ್ಣು ತುಂಬಿಕೊಂಡಿತು.

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಬೆರಳನ್ನಲ್ಲ, ಮುಖವನ್ನು ನೋಡಿದರು.

'ಏ ತಾಳವಾಡಿ, ಸಾಕು. ಕಣ್ಣು ಕೆಂಪಾಗೋಯ್ತು. ಎದ್ದೋಗಿ ಒಂದ್ ಸುತ್ತು ಹಾಕ್ಕೊಂಡು ಬಾ' ಅಂದರು.

ಎದ್ದೆ. ಹಾಲು ಇಳಿಸಿದೆ, ಕೊಬ್ಬರಿ ಅಂಗಳದವರೆಗೆ ಹೋಗಿ ಬಂದೆ. ಈಗ ಜಗಲಿಯಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಈ ಕಾಗದ ಅತ್ತೆ ಕೊಟ್ಟ ಬಿಡುವಿನಲ್ಲಿ ಬರೆದದ್ದು. ಒಳಗಿಂದ ಕರೆಯುತ್ತಿದ್ದಾರೆ, ಹೋಗುತ್ತೇನೆ.

ಜಯಾ